ಟಾಪ್ ಮಡಚೋ ಕಾರಿನ ಹಲ್ಲು ನೋಡುವುದು ಹೇಗೆ?

"ತಲೆ ಮೇಲೆ ಟಾಪ್ ಇಲ್ಲದ ಗಾಡಿ ಬೇಕು" ಅಂತ ನಮ್ಮ ಗುಂಡ್ಲುಪೇಟೆ ಕಡೆ ಯಾರಿಗಾದರೂ ಹೇಳಿ ನೋಡಿ. "ಟ್ರ್ಯಾಕ್ಟರ್ ತಗೊಳ್ಳಿ ಸ್ವಾಮಿ, ಉಳುಮೆನೂ ಆಯ್ತದ" ಅನ್ನುತ್ತಾರೆ. ತಮಾಷೆ ಸರಿ, ಆದರೂ ಇಂಥ ಕಾರಿನ ಆಸೆ ಬಹಳ ಜನಕ್ಕಿದೆ. ಈ ವರ್ಷ ನನ್ನ ಹತ್ತಿರ ಅದನ್ನು ಬಾಯಿಬಿಟ್ಟು ಹೇಳಿದವರು ನನ್ನ ಭಾವ.

ಭಾವನಿಗೆ 52 ವರ್ಷ. ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ, ಊರಾಚೆ ಅರಿಶಿನ ಮತ್ತು ಬಾಳೆ ತೋಟ. ಇಪ್ಪತ್ತೈದು ವರ್ಷದಿಂದ ಪಿಕಪ್ಪು, ಜೀಪು ಓಡಿಸಿದ್ದಾರೆ, ಅದೂ ಯಾವಾಗಲೂ ಲೋಡು ಹಾಕಿಕೊಂಡು, ಗಡಿಯಾರ ನೋಡಿಕೊಂಡು. ಮಗಳ ಮದುವೆ ಮುಗಿದಿದೆ, ಮಗ ಕೆಲಸಕ್ಕೆ ಸೇರಿದ್ದಾನೆ. ಈಗ ಅವರಿಗೆ ಬೇಕಿರುವುದು ಭಾನುವಾರ ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ನಿಧಾನಕ್ಕೆ ಓಡಿಸಬಹುದಾದ ಒಂದು ಕಾರು. ಆಕಾಶ ಕಾಣಬೇಕು, ಮಳೆ ಬಂದರೆ ಗಟ್ಟಿಯಾಗಿ ಮುಚ್ಚಬೇಕು. ಬಟ್ಟೆಯ ಟಾಪ್ ಬೇಡ, ಲೋಹದ್ದೇ ಆಗಬೇಕು.

ಬಜೆಟ್ 23 ಲಕ್ಷ. ಅದರಲ್ಲಿ ಅಕ್ಕನ ಚೀಟಿ ದುಡ್ಡೂ ಇದೆ. ಅಕ್ಕ ಹಾಕಿದ ಷರತ್ತು ಒಂದೇ: "ಕಾರ್ ತಗೊಳ್ಳಿ, ಬ್ಯಾಡ ಅನ್ನಲ್ಲ. ಆದ್ರ ಅದ್ರಿಂದ ನಿದ್ದ ಕೆಡಬಾರ್ದು, ಅಷ್ಟೆಯ."

ನಾನು ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಮನೆಯಲ್ಲಿ ಕಾರುಗಳ ಬಗ್ಗೆ ಓದುವವನು ನಾನೊಬ್ಬನೇ ಆದ್ದರಿಂದ ಪರೀಕ್ಷೆಯ ಹೊಣೆ ನನ್ನ ಮೇಲೆ ಬಿತ್ತು. ನಿಮ್ಮಲ್ಲೂ ಯಾರಾದರೂ ಇಂಥದ್ದೊಂದು ಆಸೆಯನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದರೆ ಈ ವಾರದ ಅಂಕಣ ನಿಮಗೆ.

ಹೊಸದು ಯಾಕೆ ಸಿಗಲ್ಲ?

ಗಟ್ಟಿ ಛಾವಣಿಯನ್ನೇ ಮಡಚಿ ಡಿಕ್ಕಿಯೊಳಗೆ ಇಡುವ ಉಪಾಯ ಹಳೆಯದು. ಫ್ರಾನ್ಸ್‌ನಲ್ಲಿ ಹಲ್ಲಿನ ಕೆಲಸ ಮಾಡುತ್ತಿದ್ದ ಜಾರ್ಜ್ ಪೊಲಾಂ ಅನ್ನುವವರು ಇದನ್ನು ರೂಪಿಸಿದರು. 1930ರ ದಶಕದಲ್ಲೇ ಪ್ಯೂಜೋ ಕಂಪನಿಯ ಕಾರುಗಳಲ್ಲಿ ಅದು ಬಂತು. ಅಮೆರಿಕದಲ್ಲಿ ಫೋರ್ಡ್ ಕಂಪನಿ 1957ರಲ್ಲಿ ಸ್ಕೈಲೈನರ್ ತಂದಿತು. ಅದರ ಛಾವಣಿ ಆಡಿಸಲು ಮೋಟಾರು, ಸ್ವಿಚ್ಚು, ವೈರುಗಳ ಒಂದು ಸಂತೆಯೇ ಬೇಕಿತ್ತು. 1959ಕ್ಕೆ ನಿಂತುಹೋಯಿತು.

ಮತ್ತೆ ಜನಪ್ರಿಯವಾಗಿದ್ದು 1996ರಲ್ಲಿ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ. 2009ರಲ್ಲಿ ಬಿಎಂಡಬ್ಲ್ಯು ಝಡ್4 ಕೂಡ ಬಟ್ಟೆ ಬಿಟ್ಟು ಅಲ್ಯೂಮಿನಿಯಂ ಛಾವಣಿಗೆ ಬದಲಾಯಿತು. ನಮ್ಮ ದೇಶದ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಮಡಚುವ ಗಟ್ಟಿ ಟಾಪ್ ಅಂತ ಹುಡುಕಿದರೆ ಹೆಚ್ಚಾಗಿ ಎದುರಾಗುವುದು ಇವೆರಡು ಹೆಸರೇ.

ಆಮೇಲೆ ಗಾಳಿ ತಿರುಗಿತು. 2018ರಲ್ಲಿ ಬಂದ ಹೊಸ ಝಡ್4 ಮತ್ತೆ ಬಟ್ಟೆಯ ಟಾಪ್‌ಗೆ ಹೋಯಿತು. ಎಸ್‌ಎಲ್‌ಕೆ ಹೆಸರು ಬದಲಿಸಿಕೊಂಡು ಎಸ್‌ಎಲ್‌ಸಿ ಆಗಿ 2020ರಲ್ಲಿ ನಿಂತಿತು. ಲೋಹದ ಟಾಪ್ ತೂಕ ಜಾಸ್ತಿ, ಜಾಗ ಜಾಸ್ತಿ ತಿನ್ನುತ್ತದೆ, ಒಳಗಿನ ಯಂತ್ರವೂ ತೊಡಕು. ಈಗಿನ ಬಟ್ಟೆಯ ಟಾಪ್‌ಗಳು ಶಬ್ದ, ಚಳಿ ಎರಡನ್ನೂ ಚೆನ್ನಾಗಿ ತಡೆಯುತ್ತವೆ.

ಹಾಗಾಗಿ ನಮ್ಮಂಥವರ ಬಜೆಟ್‌ನಲ್ಲಿ ಲೋಹದ ಟಾಪ್ ಬೇಕು ಅಂದರೆ ಹತ್ತು, ಹದಿನೈದು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿಯೇ ಗತಿ. ಆಗ ನೀವು ಕೊಳ್ಳುತ್ತಿರುವುದು ಒಂದು ಯಂತ್ರವಲ್ಲ, ಎರಡು. ಒಂದು ಕಾರು, ಇನ್ನೊಂದು ಟಾಪ್. ಬ್ರೋಕರ್‌ಗಳು ಮೊದಲನೆಯದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಎರಡನೆಯದನ್ನು ಒಂದು ಸಲ ತೆಗೆದು ಹಾಕಿ ತೋರಿಸಿ "ಸೂಪರ್ ಅಲ್ವಾ ಸಾರ್" ಅಂದುಬಿಡುತ್ತಾರೆ.

ಮುಡುಕುತೊರೆ ಪಾಠ

ಚಾಮರಾಜನಗರದಲ್ಲಿ ಒಬ್ಬರ ಹತ್ತಿರ ಒಂದು ಗಾಡಿ ಇತ್ತು. ಎರಡು ಸೀಟು, ಪೆಟ್ರೋಲ್, ಆಟೋಮ್ಯಾಟಿಕ್, 41,000 ಕಿ.ಮೀ. ಓಡಿದ್ದು. ಬೇರೆ ರಾಜ್ಯದ ನಂಬರ್ ಪ್ಲೇಟು. ಕೇಳುತ್ತಿದ್ದ ಬೆಲೆ 16.5 ಲಕ್ಷ. ಫೋಟೋ ನೋಡಿ ಭಾವ ಆಗಲೇ ಅರ್ಧ ಕೊಂಡುಬಿಟ್ಟಿದ್ದರು.

ದಾರಿಯಲ್ಲಿ ಭಾವನೇ ಹೇಳಿದರು, "ನಮ್ಮಪ್ಪ ಮುಡುಕುತೊರೆ ಜಾತ್ರಲಿ ಎತ್ತು ತರಕ್ಕ ಹೋದ್ರ ಮೂರು ನೋಡ್ತಿದ್ರು ಕಣಪ್ಪ. ಹಲ್ಲು, ಸುಳಿ, ನಡ." ಹಲ್ಲು ವಯಸ್ಸು ಹೇಳುತ್ತದೆ. ಸುಳಿ, ಮುಂದೆ ಏನು ಕಾದಿದೆ ಅಂತ ಹೇಳುತ್ತದೆ ಅನ್ನುವುದು ಹಿರಿಯರ ನಂಬಿಕೆ. ನಡೆ, ಎತ್ತು ನಿಮ್ಮ ಕೆಲಸಕ್ಕೆ ಆಗುತ್ತದೋ ಇಲ್ಲವೋ ಅಂತ ತೋರಿಸುತ್ತದೆ. ನಾನು ಲ್ಯಾಪ್‌ಟಾಪ್‌ನಲ್ಲಿ ಮಾಡಿಕೊಂಡಿದ್ದ ನಲವತ್ತು ಸಾಲಿನ ಪಟ್ಟಿ ಈ ಮೂರು ಮಾತಿನಲ್ಲಿ ಮುಗಿಯಿತು.

ಹಲ್ಲು: ಕಾಗದ ಪತ್ರ

ಮೊದಲು ಆರ್‌ಸಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತಪಾಸಣೆಗೆ ಕೊಟ್ಟು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಾವು ನೋಡಿದ ಗಾಡಿಗೆ 15 ತುಂಬಲು ಒಂದೂವರೆ ವರ್ಷ ಮಾತ್ರ ಬಾಕಿ ಇತ್ತು. ನಮ್ಮ ಸಾಮಾನ್ಯ ಕಾರುಗಳಿಗೆ 15 ವರ್ಷದ ನಂತರದ ನವೀಕರಣ ಶುಲ್ಕ 5,000 ರೂ. ಆದರೆ ವಿದೇಶದಿಂದ ಪೂರ್ತಿ ತಯಾರಾಗಿ ಆಮದಾದ ನಾಲ್ಕು ಚಕ್ರದ ಗಾಡಿಗೆ 2022ರ ಏಪ್ರಿಲ್‌ನಿಂದ 40,000 ರೂ. ಈ ಜಾತಿಯ ಕಾರುಗಳು ನಮ್ಮಲ್ಲಿಗೆ ಬಂದಿರುವುದು ಹಾಗೆಯೇ.

ಎರಡನೆಯದು ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಮೇಲೆ ಸೆಸ್. ಹೊರರಾಜ್ಯದ ಹಳೆ ಗಾಡಿ ತಂದು ಇಲ್ಲಿ ಕೆಎ ನಂಬರ್ ಮಾಡಿಸಿದರೆ ವಯಸ್ಸಿಗೆ ತಕ್ಕಂತೆ ಪ್ರಮಾಣ ಇಳಿಯುತ್ತದೆ. ಆದರೆ ಲೆಕ್ಕ ನೀವು ಕೊಟ್ಟ ಹಣದ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಅರವತ್ತು ಎಪ್ಪತ್ತು ಲಕ್ಷದ ಗಾಡಿ ಹದಿನಾರಕ್ಕೆ ಸಿಕ್ಕಿತು ಅಂತ ಕುಣಿಯುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಚಾಮರಾಜನಗರದವರಿಗೆ ಕೆಎ-10, ಅದೇ ಆರ್‌ಟಿಒಗೆ ಹೋಗಿ ಅಂದಾಜು ಬರೆಸಿಕೊಂಡು ಆಮೇಲೆ ಬೆಲೆ ಮಾತಾಡಿ. ಮೂಲ ಆರ್‌ಟಿಒದ ಎನ್‌ಒಸಿ (ಫಾರಂ 28), ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ಇದ್ದಿದ್ದರೆ ಬ್ಯಾಂಕಿನ ಫಾರಂ 35, ಇವಿಲ್ಲದೆ ಅಡ್ವಾನ್ಸ್ ಕೊಡಬೇಡಿ.

ಮೂರನೆಯದು ಇನ್ಶೂರೆನ್ಸ್. ಹೆಸರು ಬದಲಾದ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಅರ್ಜಿ ಹಾಕಬೇಕು. "ನೋ ಕ್ಲೇಮ್ ಬೋನಸ್ ಇದೆ ಸಾರ್" ಅಂತ ಮಾರುವವರು ಹೇಳಿದರೆ ನಕ್ಕು ಸುಮ್ಮನಾಗಿ. ಅದು ಮಾಲೀಕನದು, ಕಾರಿನ ಜೊತೆ ಬರಲ್ಲ. ಇನ್ನೊಂದು ಮಾತು: ಟಾಪ್‌ನ ಮೋಟಾರು ತಾನಾಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ದುಡ್ಡು ಕೊಡಲ್ಲ. ಅದು ಅಪಘಾತವಲ್ಲ, ಸವಕಲು.

ಕೊನೆಗೆ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಕಮ್ಮಿ ಓಡಿದ ಕಾರಿನಲ್ಲಿ ಗುಂಡಿ ಸವೆದಿರಲ್ಲ, ಆದರೆ ರಬ್ಬರ್ ಮುದಿಯಾಗಿರುತ್ತದೆ. ನಮ್ಮ ಗಾಡಿಯ ನಾಲ್ಕೂ ಹಾಗೇ ಇದ್ದವು.

ಸುಳಿ: ಟಾಪ್

ಟಾಪ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಗುಂಡಿ ಒತ್ತಿದಾಗ ಕಿಟಕಿ ಗಾಜು ಇಳಿಯುತ್ತದೆ, ಡಿಕ್ಕಿ ಮುಚ್ಚಳ ಹಿಂದುಮುಂದಾಗಿ ತೆರೆಯುತ್ತದೆ, ಲಾಕ್ ಬಿಚ್ಚುತ್ತದೆ, ಆಯಿಲ್ ಪಂಪು ಒತ್ತಡ ಕೊಟ್ಟು ಛಾವಣಿಯ ತುಂಡುಗಳನ್ನು ಒಂದರ ಮೇಲೊಂದು ಮಡಚಿ ಒಳಗೆ ಇಡುತ್ತದೆ. ಪ್ರತಿ ಹಂತ ಮುಗಿಯಿತು ಅಂತ ಒಂದೊಂದು ಸೆನ್ಸರ್ ಹೇಳಬೇಕು. ಒಂದು ಸೆನ್ಸರ್ ಸುಮ್ಮನಾದರೂ ಕಂಪ್ಯೂಟರ್ ಇಡೀ ಆಟ ನಿಲ್ಲಿಸಿಬಿಡುತ್ತದೆ. ಡಿಕ್ಕಿ ಕೀಲಿನ ಹತ್ತಿರ ವೈರುಗಳು ಸಾವಿರಾರು ಸಲ ಬಾಗಿ ಬಾಗಿ ಒಳಗೇ ತುಂಡಾಗುವುದೂ ಉಂಟು.

ಆದ್ದರಿಂದ ಒಂದೇ ಸಲ ನೋಡಿ ಸಾಕು ಅನ್ನಬೇಡಿ. ಸಮತಟ್ಟಾದ ನೆಲದಲ್ಲಿ, ಎಂಜಿನ್ ಆನ್ ಇಟ್ಟು, ಬೆಳಿಗ್ಗೆ ತಣ್ಣಗಿರುವಾಗ ಒಂದು ಸಲ, ಓಡಿಸಿ ಬಂದ ಮೇಲೆ ಬಿಸಿಲಲ್ಲಿ ಎರಡು ಸಲ ತೆಗೆದು ಮುಚ್ಚಿಸಿ. ಇಪ್ಪತ್ತು, ಇಪ್ಪತ್ತೈದು ಸೆಕೆಂಡಿನಲ್ಲಿ ಮುಗಿಯಬೇಕು. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎಡ ಬಲ ಒಂದೇ ಸಮ ಏಳುತ್ತಿದೆಯಾ? ನಡುವೆ ತಡವರಿಸುತ್ತದಾ? ಪಂಪು ಕಿರುಚುತ್ತದಾ?

ಡಿಕ್ಕಿ ಒಳಗೆ ಟಾಪ್‌ಗೆ ಜಾಗ ಗುರುತಿಸುವ ಒಂದು ಪಾರ್ಟಿಷನ್ ಇರುತ್ತದೆ. ಅದು ಸರಿಯಾಗಿ ಕೂತಿರದಿದ್ದರೆ ಟಾಪ್ ಅಲುಗಲ್ಲ, ಅದನ್ನು ರಿಪೇರಿ ಅಂದುಕೊಳ್ಳಬೇಡಿ. ಆದರೆ ಡಿಕ್ಕಿಯ ಲೈನಿಂಗ್ ಮೇಲೆ ಎಣ್ಣೆ ಕಲೆ ಕಂಡರೆ ಅದು ಪೈಪಿನಿಂದಲೋ ಸಿಲಿಂಡರ್‌ನಿಂದಲೋ ಸೋರಿದ್ದು.

ಆಮೇಲೆ ನೀರು. ಟಾಪ್ ಮುಚ್ಚಿ, ಸಂದುಗಳ ಮೇಲೆ ಐದು ನಿಮಿಷ ಪೈಪಿನಲ್ಲಿ ನೀರು ಬಿಡಿ. ಸೀಟಿನ ಪಕ್ಕ, ಕಾಲಡಿಯ ಮ್ಯಾಟು, ಡಿಕ್ಕಿಯ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ರಬ್ಬರ್ ಬೀಡಿಂಗ್ ಒಡೆದಿರಬಾರದು. ಟಾಪ್ ಮೇಲೆ ಬಿದ್ದ ನೀರು ಹರಿದು ಹೋಗಲು ಸಣ್ಣ ತೂತುಗಳಿರುತ್ತವೆ. ಹೊಂಗೆ ಮರದಡಿ ನಿಲ್ಲಿಸುವ ನಮ್ಮೂರಲ್ಲಿ ಎಲೆ, ಹೂವು ಸೇರಿ ಅವು ಕಟ್ಟಿಕೊಂಡರೆ ನೀರು ಒಳದಾರಿ ಹಿಡಿಯುತ್ತದೆ.

ನಮ್ಮ ಗಾಡಿ ಮೊದಲ ಸಲ ಚೆನ್ನಾಗಿ ತೆರೆಯಿತು. ಎರಡನೇ ಸಲವೂ ಪಾಸು. ಮೂರನೇ ಸಲ, ಮಧ್ಯಾಹ್ನದ ಬಿಸಿಲಲ್ಲಿ, ಟಾಪ್ ಅರ್ಧ ಎದ್ದು ಆಕಾಶ ನೋಡುತ್ತಾ ನಿಂತುಬಿಟ್ಟಿತು. ಡಿಕ್ಕಿ ಕಾರ್ಪೆಟ್ ಅಡಿಯಲ್ಲಿ ಹಸಿ ವಾಸನೆಯೂ ಇತ್ತು. ಮಾಲೀಕರು ಸಂಭಾವಿತರು, "ಬ್ಯಾಟರಿ ವೀಕ್ ಇರಬಹುದು" ಅಂದರು. ಇರಬಹುದು. ಹತ್ತು ನಿಮಿಷ ಬಿಟ್ಟ ಮೇಲೆ ಮುಚ್ಚಿಕೊಂಡಿತು. ಆದರೆ ಆ ಹತ್ತು ನಿಮಿಷ ಮೋಡ ಇದ್ದಿದ್ದರೆ?

ನಡೆ: ನಮ್ಮ ರಸ್ತೆ

ಇದಕ್ಕೂ ಮೊದಲು ಓಡಿಸಿದ್ದು ಚಾಮರಾಜನಗರದಿಂದ ತೆರಕಣಾಂಬಿ ದಾರಿಯಲ್ಲಿ. ಗುಂಡ್ಲುಪೇಟೆವರೆಗೂ 35–40 ಕಿ.ಮೀ. ಇರುವ ಈ ರಸ್ತೆಯೇ ಭಾವನ ನಿಜವಾದ ಭಾನುವಾರ. ಬಾಳೆ, ಅರಿಶಿನ, ಜೂನ್–ಜುಲೈನಲ್ಲಿ ಸೂರ್ಯಕಾಂತಿ. ಜೊತೆಗೆ ಹಂಪ್ಸು, ರಸ್ತೆ ಮೇಲೆ ಹರಡಿದ ಹುರುಳಿ, ಕರಿಕಲ್ಲು ಹೊತ್ತ ಲಾರಿ, ನಡುವೆ ದನ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದೆ ಅಂತ ಒಂದು ಕಾಲದಲ್ಲಿ ಮಾತಿತ್ತಲ್ಲ, ಕೆಳಮಟ್ಟದ ಕಾರಿನಲ್ಲಿ ಬಂದರೆ ಹೋಗುವುದು ಸೈಲೆನ್ಸರ್.

ಸ್ಪೋರ್ಟ್ಸ್ ಕಾರಿನ ತಳ ನೆಲದಿಂದ ಐದು ಇಂಚು ಆಸುಪಾಸು ಇರುತ್ತದೆ. ಹಾಗಾಗಿ ಹಂಪ್ಸ್ ಮೇಲೆ ಇಬ್ಬರನ್ನು ಕೂರಿಸಿಯೇ ಪರೀಕ್ಷಿಸಿ, ಓರೆಯಾಗಿ ಹತ್ತಿಸಿದರೂ ಉಜ್ಜುತ್ತದಾ ನೋಡಿ. ಒರಟು ರಸ್ತೆಯಲ್ಲಿ 30ರ ವೇಗದಲ್ಲಿ ಹೋಗುವಾಗ ಟಾಪ್ ಮುಚ್ಚಿರಲಿ, ಸಂಗೀತ ಆಫ್ ಆಗಿರಲಿ. ಕಿರಕಿರ ಸದ್ದು ಸ್ವಲ್ಪ ಸಹಜ. ಟಕ್ ಟಕ್ ಅಂತ ಲೋಹದ ಸದ್ದು ಬಂದರೆ ಲಾಕ್ ಸಡಿಲ. ಆಮೇಲೆ ಟಾಪ್ ತೆಗೆದು 60ರಲ್ಲಿ ಹೋಗಿ. ಪಕ್ಕದವರ ಜೊತೆ ಕೂಗದೆ ಮಾತಾಡಲು ಆಗಬೇಕು. ಆಗದಿದ್ದರೆ ನಿಮ್ಮ ಮೋಜು ಮೊದಲ ತಿಂಗಳಿಗೇ ಮುಗಿಯುತ್ತದೆ.

ಇನ್ನೊಂದು ಪ್ರಶ್ನೆ: ಸ್ಟೆಪ್ನಿ ಇದೆಯಾ? ಝಡ್4ನಂಥವುಗಳಲ್ಲಿ ಇರಲ್ಲ, ಬದಲಿಗೆ ರನ್‌ಫ್ಲಾಟ್ ಟೈರು. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಹೋಗಬಹುದು. ಗುಂಡ್ಲುಪೇಟೆಯಿಂದ ಮೈಸೂರು 60 ಕಿ.ಮೀ., ಅಲ್ಲಿಗೆ ಲೆಕ್ಕ ಸರಿಹೋಗುತ್ತದೆ. ಊಟಿ ಕಡೆ ಘಾಟ್‌ನಲ್ಲಿ ಆದರೆ ಗೊತ್ತಿಲ್ಲದ ಊರಲ್ಲಿ ಪಂಚರ್ ಅಂಗಡಿ ಹುಡುಕಬೇಕು, ಸಿಕ್ಕರೂ ಆ ಸೈಜಿನ ಟೈರು ಸಿಗಲ್ಲ.

ಅಕ್ಕನ ಪರೀಕ್ಷೆ

ನನ್ನ ಪಟ್ಟಿಯಲ್ಲಿ ಇಲ್ಲದ ಪರೀಕ್ಷೆ ಮಾಡಿದ್ದು ಅಕ್ಕ. ಗಾಡಿಗೆ ನಾಲ್ಕು ಸಲ ಹತ್ತಿ ಇಳಿದಳು. ಮಂಡಿ ನೋವಿನವಳಿಗೆ ಅಷ್ಟು ತಗ್ಗಿನ ಸೀಟಿನಿಂದ ಏಳುವುದು ಸುಲಭವಲ್ಲ. ಬಾಗಿಲು ಪೂರ್ತಿ ತೆಗೆದು, ಎರಡೂ ಕಾಲು ಹೊರಗಿಟ್ಟು, ಆಮೇಲೆ ಏಳಬೇಕು ಅಂತ ತಾನೇ ಕಂಡುಕೊಂಡಳು. ಟಾಪ್ ಮುಚ್ಚಿದ್ದರೆ ತಲೆ ತಾಗುತ್ತದೆ, ತೆಗೆದಿದ್ದರೆ ಸಲೀಸು ಅನ್ನುವುದೂ ಆಗಲೇ ಗೊತ್ತಾಗಿದ್ದು.

ಆಮೇಲೆ ತಿಂಡಿ ಡಬ್ಬ, ನೀರಿನ ಕ್ಯಾನು, ತರಕಾರಿ ಚೀಲ ಡಿಕ್ಕಿಗಿಟ್ಟು "ಈಗ ತಗೀರಿ ಟಾಪು" ಅಂದಳು. ಹಿಡಿಯಲಿಲ್ಲ. ಉದಾಹರಣೆಗೆ 2009ರ ಝಡ್4ನಲ್ಲಿ ಟಾಪ್ ಮುಚ್ಚಿದಾಗ 310 ಲೀಟರ್ ಜಾಗ, ಟಾಪ್ ಒಳಗೆ ಬಂದ ಮೇಲೆ 180. ಇಬ್ಬರ ಒಂದು ರಾತ್ರಿಯ ಬ್ಯಾಗಿಗೆ ಸಾಕು, ಸಂತೆಗೆ ಸಾಲದು.

ಇಷ್ಟೆಲ್ಲ ಆದ ಮೇಲೂ ಅಕ್ಕನ ಮುಖದಲ್ಲಿ ಬೇಡ ಅನ್ನುವ ಭಾವ ಇರಲಿಲ್ಲ. ತೆರಕಣಾಂಬಿ ದಾರಿಯಲ್ಲಿ ಹೋಗುವಾಗ ತಲೆ ಹಿಂದಕ್ಕೆ ಒರಗಿಸಿ ಮರಗಳ ತುದಿ ನೋಡುತ್ತಾ ಕೂತಿದ್ದಳು. "ಈ ದಾರೀಲಿ ಇಷ್ಟ್ ವರ್ಷ ಓಡಾಡೀವಿ, ಮ್ಯಾಲ ನೋಡೇ ಇರ್ನಿಲ್ಲ" ಅಂದಳು. ಆಸೆ ಭಾವನೊಬ್ಬರದಲ್ಲ ಅಂತ ನನಗೆ ಅರ್ಥವಾಗಿದ್ದು ಆಗ. ಹಾಗಾದ ಮೇಲೆ "ಬೇಡ ಬಿಡಿ" ಅಂದು ಕೈತೊಳೆದುಕೊಳ್ಳುವುದು ಸರಿಯಲ್ಲ, ಸರಿಯಾದ ಗಾಡಿ ಹುಡುಕಬೇಕು.

ಲೆಕ್ಕ

ಮಾಲೀಕರು ಗಾಡಿಯನ್ನು ಬೆಂಗಳೂರಿನ ಒಬ್ಬ ತಜ್ಞ ಮೆಕ್ಯಾನಿಕ್‌ಗೆ ತೋರಿಸಲು ಒಪ್ಪಿದರು. ಪಂಪು, ವೈರಿಂಗು ಎರಡೂ ಆಗಬೇಕು ಅಂತ ವರದಿ ಬಂತು. ಟಾಪ್ ರಿಪೇರಿ, ತೆರಿಗೆ, ನಾಲ್ಕು ಟೈರು, ನವೀಕರಣ ಎಲ್ಲ ಸೇರಿಸಿ ಅಕ್ಕ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಕೂಡಿದಾಗ ಏಳು ಲಕ್ಷ ದಾಟಿತು. 16.5ರ ಗಾಡಿ 23.5 ಆಯಿತು. ನಾವು ಬೆಲೆ ಇಳಿಸಿ ಕೇಳಿದೆವು, ಅವರಿಗೆ ಒಪ್ಪಿಗೆ ಆಗಲಿಲ್ಲ. ಕಾಫಿ ಕುಡಿದು ಕೈಕುಲುಕಿ ಬಂದೆವು.

ಎರಡು ತಿಂಗಳಾದ ಮೇಲೆ ಸಿಕ್ಕ ಇನ್ನೊಂದಕ್ಕೆ 21 ಲಕ್ಷ. ಕೆಎ ನಂಬರು, ಮೂರು ವರ್ಷ ಚಿಕ್ಕದು, ಒಬ್ಬರೇ ಮಾಲೀಕರು. ಮುಖ್ಯವಾಗಿ ಒಂದು ದಪ್ಪ ಫೈಲು. ಟಾಪ್‌ನ ಪಂಪು ಬದಲಿಸಿದ ಬಿಲ್ಲು, ರಬ್ಬರ್ ಹಾಕಿಸಿದ ಬಿಲ್ಲು, ನೀರಿನ ತೂತು ಕ್ಲೀನ್ ಮಾಡಿಸಿದ ಇನ್ನೂರು ರೂಪಾಯಿ ಚೀಟಿ ಸಮೇತ. ಅದೇ ಮೂರೂ ಪರೀಕ್ಷೆ ಮಾಡಿದೆವು. ಭಾವ ಫೈಲ್ ತಿರುವುತ್ತಾ, "ಇದ್ರ ಹಲ್ಲು ಸರಿಯಾಗದ" ಅಂದರು. ಉಳಿದ ಎರಡು ಲಕ್ಷವನ್ನು ಅಕ್ಕ ಟಾಪ್ ಖರ್ಚಿಗೆ ಅಂತಲೇ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಿದ್ದಾಳೆ. ರಸೀದಿ ಅವಳ ಬೀರುವಿನಲ್ಲಿದೆ.

ಹೊಸದಾಗಿ ದುಡಿಯುವವರಿಗೆ ನಾನು ಹೇಳುವುದೂ ಇದನ್ನೇ. ಇಂಥ ಗಾಡಿಯಲ್ಲಿ ಕಡಿಮೆ ಬೆಲೆಯದ್ದು ದುಬಾರಿ, ಬಿಲ್ಲು ಇರುವುದು ಅಗ್ಗ. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿದರೆ ಪ್ರತಿ ಸಲ ಗುಂಡಿ ಒತ್ತುವಾಗಲೂ ಎದೆ ಹೊಡೆದುಕೊಳ್ಳುತ್ತದೆ. ಆರಾಮ ಡ್ರೈವ್‌ಗೆ ಅಂತ ಕೊಂಡ ಕಾರು ಆರಾಮ ಕೊಡದಿದ್ದರೆ ಆ ದುಡ್ಡಿಗೆ ಏನರ್ಥ? ಇಎಂಐ ಮೇಲೆ ಇಂಥ ಕಾರು ಕೊಳ್ಳಬೇಕು ಅನ್ನುವವರು ಮೊದಲು ಒಂದು ದಿನ ಬಾಡಿಗೆಗೆ ತಗೊಂಡು ಓಡಿಸಿ ನೋಡಿ. ಕೆಲವರ ಆಸೆ ಅಲ್ಲಿಗೇ ತೀರುತ್ತದೆ, ಅದೂ ಒಳ್ಳೆಯದೇ.

ಓಡಿಸುವವರಿಗೆ ಕೊನೆಯ ಎರಡು ಮಾತು. ಬಂಡೀಪುರದೊಳಗೆ ಟಾಪ್ ಮುಚ್ಚಿಯೇ ಹೋಗಿ, ನಿಲ್ಲಿಸಬೇಡಿ. ಚಾಮರಾಜನಗರದಿಂದ ಸತ್ಯಮಂಗಲದ ದಾರಿಯಲ್ಲಿ ಕಬ್ಬಿನ ಲಾರಿ ತಡೆಯುವ ಆನೆಗಳ ವಿಡಿಯೊ ನೋಡಿದ್ದೀರಲ್ಲ, ಅವುಗಳ ಸೊಂಡಿಲಿಗೆ ನಿಮ್ಮ ತಿಂಡಿ ಡಬ್ಬ ದೂರವೇನಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಸಂಜೆಯ ಲೆಕ್ಕ ಅದರ ಮೇಲೆ ಹಾಕಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡಲ್ಲ, ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ನಿಲ್ಲಿಸಿ ಹೋಗುವಾಗ ಟಾಪ್ ಮುಚ್ಚಿದ್ದೀರಾ ಅಂತ ತಿರುಗಿ ನೋಡಿ. ಕೆಳಗೆ ಕೋತಿಗಳಿವೆ.